ಹೇಳುವ ಮದ್ದು, ಹೇಳದ ಮದ್ದು: ಲಿನಕ್ಸ್ ಗಣಕಗಳ ಗ್ರಾಫಿಕ್ಸ್ ಚಾಲಕಗಳ ಆಯ್ಕೆಯನ್ನು ಕುರಿತು

ಜ್ಞಾನವು ಯಾರ ಸೊತ್ತು ಎಂಬ ಪ್ರಶ್ನೆ ಜಾನಪದ ಅಧ್ಯಯನಕ್ಕೆ ಹೊಸದಲ್ಲ. ಬೀಸುವ ಪದಕ್ಕೆ ಒಡೆಯರಿಲ್ಲ. ಕೇಳಿದವರು ಅದನ್ನು ಕಲಿಯಬಹುದು, ಕಲಿತವರು ಒಂದು ನುಡಿಯನ್ನು ಕೂಡಿಸಬಹುದು ಇಲ್ಲವೆ ಬಿಡಬಹುದು, ತವರಿನಿಂದ ಗಂಡನ ಮನೆಗೆ ಕೊಂಡೊಯ್ಯಬಹುದು. ನಾಟಿ ವೈದ್ಯದಲ್ಲಿ ಸ್ಥಿತಿ ಬೇರೆ. ಕಾಮಾಲೆಗೆ ಮದ್ದು ಕೊಡುವವನು ರೋಗಿಯಿಂದ ಒಂದು ಕಾಸನ್ನೂ ಪಡೆಯದಿರಬಹುದು. ಆದರೆ ಅರೆದ ಸೊಪ್ಪು ಯಾವುದೆಂದು ಆತ ಹೇಳುವುದಿಲ್ಲ. ಹೇಳಿದರೆ ಮದ್ದಿನ ಗುಣ ಕೆಡುತ್ತದೆ ಎಂಬ ನಂಬಿಕೆ ಕನ್ನಡ ನಾಡಿನ ಹಲವೆಡೆ ಬಲವಾಗಿದೆ. ಇವೆರಡರ ನಡುವೆ ಮೂರನೆಯದೊಂದು ಬಗೆಯೂ ಉಂಟು. ಮಂಟೇಸ್ವಾಮಿ ಕಾವ್ಯವನ್ನು ಹಾಡುವ ನೀಲಗಾರರು, ಮಲೆಯ ಮಾದಪ್ಪನ ಕಾವ್ಯವನ್ನು ಹಾಡುವ ದೇವರಗುಡ್ಡರು ಊರೆಲ್ಲ ಕೇಳುವಂತೆಯೇ ಹಾಡುತ್ತಾರೆ; ಅಲ್ಲಿ ಗುಟ್ಟಿಲ್ಲ. ಆದರೆ ಹಾಡುವವನು ದೀಕ್ಷೆ ಪಡೆದಿರಬೇಕು, ಅದರ ಕಟ್ಟುಪಾಡುಗಳಿಗೆ ಒಳಪಟ್ಟಿರಬೇಕು.

ಗಣಕಯಂತ್ರದ ತಂತ್ರಾಂಶಗಳ ಲೋಕದಲ್ಲಿ ಈ ಮೂರು ಬಗೆಗಳೂ ಇಂದು ಅಕ್ಕಪಕ್ಕದಲ್ಲಿ ಬಾಳುತ್ತಿವೆ. ಜಾನಪದ ಸಾಮಗ್ರಿಯನ್ನು ಸಂಗ್ರಹಿಸುವ, ಕಾಪಾಡುವ ಸಂಸ್ಥೆಗಳು ಬಹುಪಾಲು ಗಣಕವನ್ನೇ ಆಶ್ರಯಿಸಿರುವುದರಿಂದ ಈ ವ್ಯತ್ಯಾಸವು ಅವುಗಳಿಗೆ ಕೇವಲ ತಾತ್ವಿಕವಾದುದಲ್ಲ. ಅದು ತೀರ ಸ್ಪಷ್ಟವಾಗಿ ಕಾಣುವ ಒಂದು ಎಡೆಯೆಂದರೆ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ಗ್ರಾಫಿಕ್ಸ್ ಚಾಲಕ. ವಿಷಯ ಕಿರಿದೆಂದು ತೋರಬಹುದು. ಆದರೆ ಒಂದು ಗಣಕ ಎಷ್ಟು ವರ್ಷ ಬಾಳುತ್ತದೆ ಎಂಬುದು ಅನೇಕ ವೇಳೆ ಇದರಿಂದಲೇ ನಿರ್ಧಾರವಾಗುತ್ತದೆ.

ಚಾಲಕ ಅಥವಾ ಬಳಕೆಯ ಮಾತಿನ ಡ್ರೈವರ್ ಎಂದರೆ ಯಂತ್ರಾಂಶಕ್ಕೂ ಕಾರ್ಯಾಚರಣ ವ್ಯವಸ್ಥೆಗೂ ನಡುವೆ ನಿಲ್ಲುವ ದುಭಾಷಿ. ಪರದೆಯ ಮೇಲೆ ಒಂದು ಚಿತ್ರ ಮೂಡಬೇಕಾದರೆ ಗ್ರಾಫಿಕ್ಸ್ ಚಿಪ್ಪಿನೊಳಗಿನ ರಿಜಿಸ್ಟರುಗಳಿಗೆ ಯಾವ ಸಂಖ್ಯೆಯನ್ನು ಯಾವ ಕ್ರಮದಲ್ಲಿ ಬರೆಯಬೇಕು ಎಂಬುದು ಅದಕ್ಕೆ ತಿಳಿದಿರಬೇಕು. ಲಿನಕ್ಸ್‌ನಲ್ಲಿ ಇದು ಎರಡು ಅಂತಸ್ತುಗಳಲ್ಲಿ ನಡೆಯುತ್ತದೆ. ಕೆಳ ಅಂತಸ್ತು ಕರ್ನಲ್ಲಿನೊಳಗಿದ್ದು ಪರದೆಯ ಅಳತೆ, ಸ್ಮೃತಿಯ ಹಂಚಿಕೆ, ಚಿಪ್ಪಿನ ವೇಗ ಮತ್ತು ಶಾಖಗಳನ್ನು ನೋಡಿಕೊಳ್ಳುತ್ತದೆ. ಮೇಲಿನ ಅಂತಸ್ತು ಓಪನ್‌ಜಿಎಲ್, ವಲ್ಕನ್ ಎಂಬ ಚಿತ್ರಭಾಷೆಗಳಲ್ಲಿ ಬಂದ ಆಜ್ಞೆಗಳನ್ನು ಚಿಪ್ಪಿನ ಆಡುಭಾಷೆಗೆ ಇಳಿಸುತ್ತದೆ. ಮುಕ್ತ ಚಾಲಕಗಳ ಮೇಲಿನ ಅಂತಸ್ತಿಗೆ ಮೆಸಾ ಎಂದು ಹೆಸರು. 1993ರಲ್ಲಿ ಬ್ರಯಾನ್ ಪಾಲ್ ಎಂಬುವರು ಅದರ ಕೆಲಸವನ್ನು ಆರಂಭಿಸಿದರು. ಎನ್ವಿಡಿಯಾ ಸಂಸ್ಥೆಯ ಸ್ವಾಮ್ಯದ ಚಾಲಕವು ಮೆಸಾವನ್ನು ಬದಿಗಿಟ್ಟು ತನ್ನದೇ ಆದ ಎರಡು ಅಂತಸ್ತುಗಳನ್ನು ತರುತ್ತದೆ.

ಇಲ್ಲಿ ಒಂದು ಪಾರಿಭಾಷಿಕ ಸ್ಪಷ್ಟನೆ ಅಗತ್ಯ. ಇಂಗ್ಲಿಷಿನ ‘ಫ್ರೀ’ ಎಂಬ ಶಬ್ದವು ಬೆಲೆಯಿಲ್ಲದ್ದು ಮತ್ತು ಬಂಧನವಿಲ್ಲದ್ದು ಎಂಬೆರಡು ಅರ್ಥಗಳನ್ನು ಬೆರೆಸಿ ಗೊಂದಲವನ್ನು ಉಂಟುಮಾಡಿದೆ. ಕನ್ನಡಕ್ಕೆ ಈ ತೊಡಕಿಲ್ಲ. ಉಚಿತ ಬೇರೆ, ಮುಕ್ತ ಬೇರೆ. ಆಡುಮಾತಿನ ‘ಪುಕ್ಕಟೆ’, ‘ಧರ್ಮಕ್ಕೆ ಸಿಕ್ಕಿದ್ದು’ ಎಂಬ ಪ್ರಯೋಗಗಳು ಉಚಿತವನ್ನಷ್ಟೇ ಹೇಳುತ್ತವೆ. ಎನ್ವಿಡಿಯಾ ಚಾಲಕ ಪುಕ್ಕಟೆಯಾಗಿ ದೊರೆಯುತ್ತದೆ, ಆದರೆ ಮುಕ್ತವಲ್ಲ. ಅದು ಹಣ ಪಡೆಯದ, ಗಿಡದ ಹೆಸರನ್ನೂ ಹೇಳದ ವೈದ್ಯನ ಮದ್ದಿನಂತೆ. ಲಿನಕ್ಸ್ ಕರ್ನಲ್ಲಿನ ಪರವಾನಗಿಯಾದ ಜಿಪಿಎಲ್ ಎರಡನೆಯ ಆವೃತ್ತಿ ದೇವರಗುಡ್ಡರ ಬಗೆಗೆ ಹತ್ತಿರವಾದುದು: ಯಾರೂ ಪಡೆಯಬಹುದು, ತಿದ್ದಬಹುದು, ತಿದ್ದಿ ಹಂಚುವವರು ಮಾತ್ರ ತಮ್ಮ ತಿದ್ದುಪಡಿಯ ಆಕರ ಸಂಕೇತವನ್ನೂ ಕೊಡಬೇಕೆಂಬ ಕಟ್ಟುಪಾಡಿಗೆ ಒಳಪಡಬೇಕು. ಮೆಸಾದ ಬಹುಭಾಗಕ್ಕೆ ಅನ್ವಯಿಸುವ ಎಂಐಟಿ ಪರವಾನಗಿಗೆ ಆ ಕಟ್ಟುಪಾಡೂ ಇಲ್ಲ. ಅದು ಬೀಸುವ ಪದದ ಬಗೆಯದು.

ಮುಚ್ಚಿದ ಚಾಲಕವನ್ನು ಸೇರಿಸಿಕೊಂಡಾಗ ಕರ್ನಲ್ ತನ್ನ ಮೇಲೆ ತಾನೇ ಒಂದು ಗುರುತನ್ನು ಹಾಕಿಕೊಳ್ಳುತ್ತದೆ. ಅದಕ್ಕೆ ಕರ್ನಲ್ ರಚನಕಾರರು ಇಟ್ಟಿರುವ ಹೆಸರನ್ನು ಕನ್ನಡಕ್ಕೆ ತರುವುದಾದರೆ ‘ಮೈಲಿಗೆ’ ಎಂಬುದಕ್ಕಿಂತ ಸರಿಯಾದ ಪದ ಸಿಗಲಾರದು. ಮೈಲಿಗೆಯಾದ ಕರ್ನಲ್ ಕೆಲಸ ನಿಲ್ಲಿಸುವುದಿಲ್ಲ. ಆದರೆ ಅದರಲ್ಲಿ ತೊಂದರೆ ಕಾಣಿಸಿಕೊಂಡರೆ ರಚನಕಾರರು ಸಾಮಾನ್ಯವಾಗಿ ಆ ದೂರನ್ನು ಕೈಗೆತ್ತಿಕೊಳ್ಳುವುದಿಲ್ಲ, ಏಕೆಂದರೆ ದೋಷದ ಬೇರು ತಾವು ಓದಲಾರದ ಭಾಗದಲ್ಲಿರಬಹುದು.

ಪಶ್ಚಿಮ ಬೆಂಗಳೂರಿನಲ್ಲಿ ಈ ಪ್ರಶ್ನೆ ಎದುರಾಗುವ ಬಗೆಯನ್ನು ಗಮನಿಸಬಹುದು. ಮೈಸೂರು ರಸ್ತೆಯ ಉದ್ದಕ್ಕೂ ಕೆಂಗೇರಿಯವರೆಗೆ ಹಬ್ಬಿದ ಎಂಜಿನಿಯರಿಂಗ್ ಕಾಲೇಜುಗಳು, ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣ, ವಿಜಯನಗರಕ್ಕೆ ಸೇರಿದ ಹಂಪಿನಗರದ ಪಶ್ಚಿಮ ವಲಯ ನಗರ ಕೇಂದ್ರ ಗ್ರಂಥಾಲಯ, ರಾಜಾಜಿನಗರ ಕೈಗಾರಿಕಾ ಬಡಾವಣೆಯ ಮತ್ತು ಕಾಮಾಕ್ಷಿಪಾಳ್ಯದ ಕಿರು ಕಾರ್ಖಾನೆಗಳು, ಬಸವೇಶ್ವರನಗರದ ಅಡ್ಡರಸ್ತೆಗಳ ಡಿಟಿಪಿ ಅಂಗಡಿಗಳು: ಓದು, ದುಡಿಮೆ, ಅಚ್ಚುಕೆಲಸ ಹೀಗೆ ಒತ್ತಾಗಿ ಬೆರೆತಿರುವ ಪ್ರದೇಶವಿದು. ಇದೇ ಮೈಸೂರು ರಸ್ತೆಯಲ್ಲಿ ಮುಂದೆ ಹೋದರೆ ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವಿದೆ. ಹೊಸ ಗಣಕಗಳ ಜೊತೆಗೆ ಎಸ್.ಪಿ. ರಸ್ತೆಯಿಂದ ಕೊಂಡುತಂದ ಎರಡನೆಯ ಕೈಯ ಗಣಕಗಳೂ ಇಂತಹ ಬಡಾವಣೆಗಳಲ್ಲಿ ಬಳಕೆಯಲ್ಲಿರುತ್ತವೆ. ಹಳೆಯ ಯಂತ್ರಕ್ಕೆ ಹೊಸ ವಿಂಡೋಸ್ ಹೊಂದದಾದಾಗ ಲಿನಕ್ಸ್ ಅದರ ಆಯುಸ್ಸನ್ನು ನೀಡುತ್ತದೆ. ಚಾಲಕದ ಪ್ರಶ್ನೆ ಬರುವುದು ಆಗಲೇ. ನಗರಕ್ಕೆ ಲಿನಕ್ಸ್ ಹೊಸದೂ ಅಲ್ಲ. 2001ರಲ್ಲಿ ‘ಲಿನಕ್ಸ್ ಬೆಂಗಳೂರು’ ಎಂಬ ಹೆಸರಿನಲ್ಲಿ ಆರಂಭವಾಗಿ 2005ರಿಂದ ‘ಫಾಸ್ ಡಾಟ್ ಇನ್’ ಎನಿಸಿಕೊಂಡ ಸಮಾವೇಶವು 2012ರವರೆಗೆ ದೇಶವಿದೇಶಗಳ ತಂತ್ರಾಂಶ ರಚನಕಾರರನ್ನು ಇಲ್ಲಿಗೆ ಕರೆತಂದಿತ್ತು. ಎನ್ವಿಡಿಯಾ, ಎಎಂಡಿ ಎರಡೂ ಸಂಸ್ಥೆಗಳ ತಾಂತ್ರಿಕ ಕೇಂದ್ರಗಳು ಇದೇ ನಗರದಲ್ಲಿವೆ.

ಬಹುಮಂದಿಗೆ ಆಯ್ಕೆಯ ಕಷ್ಟವೇ ಇರುವುದಿಲ್ಲ ಎಂಬುದನ್ನು ಮೊದಲು ಹೇಳಬೇಕು. ಪ್ರತ್ಯೇಕ ಕಾರ್ಡ್ ಇಲ್ಲದೆ ಇಂಟೆಲ್ ಸಂಸ್ಕಾರಕದೊಳಗಿನ ಗ್ರಾಫಿಕ್ಸನ್ನೇ ಬಳಸುವ ಕಚೇರಿಯ ಗಣಕಕ್ಕೆ ಚಾಲಕವು ಕರ್ನಲ್ ಮತ್ತು ಮೆಸಾಗಳ ಜೊತೆಯಲ್ಲಿಯೇ ಬರುತ್ತದೆ, ಅದು ಮುಕ್ತ. ಎಎಂಡಿ ಕಾರ್ಡುಗಳ ಸ್ಥಿತಿಯೂ ಈಗ ಹಾಗೆಯೇ. ಆ ಸಂಸ್ಥೆಯೂ ಒಂದು ಕಾಲಕ್ಕೆ ಗುಟ್ಟಿನ ಚಾಲಕವನ್ನೇ ಕೊಡುತ್ತಿತ್ತು. 2007ರ ಸೆಪ್ಟೆಂಬರಿನಲ್ಲಿ ತನ್ನ ಚಿಪ್ಪುಗಳ ವಿವರಗಳನ್ನು ಪ್ರಕಟಿಸುವುದಾಗಿ ಅದು ಸಾರಿತು. 2015ರಲ್ಲಿ ಎಎಂಡಿಜಿಪಿಯು ಎಂಬ ಮುಕ್ತ ಚಾಲಕ ಕರ್ನಲ್ಲಿಗೆ ಸೇರಿತು. ಇದರ ಫಲವನ್ನು ಅಳೆಯಲು ಒಂದು ನಿದರ್ಶನ ಸಾಕು. ರೇಡಿಯಾನ್ ಎಚ್‌ಡಿ 2000ದಿಂದ 4000ದವರೆಗಿನ ಕಾರ್ಡುಗಳನ್ನು ಸಂಸ್ಥೆಯು ತನ್ನ ಮುಚ್ಚಿದ ಚಾಲಕದ ಮುಖ್ಯ ಸರಣಿಯಿಂದ 2012ರಲ್ಲಿಯೇ ಕೈಬಿಟ್ಟಿತು. ಆ ಮುಚ್ಚಿದ ಚಾಲಕವೇ ಈಗ ಬಳಕೆಯಲ್ಲಿಲ್ಲ; ಮೆಸಾದ ಮುಕ್ತ ಚಾಲಕದಿಂದ ಆ ಕಾರ್ಡುಗಳು ಈಗಲೂ ನಡೆಯುತ್ತವೆ.

ಎನ್ವಿಡಿಯಾ ಕಾರ್ಡುಗಳ ಮುಕ್ತ ಚಾಲಕದ ಚರಿತ್ರೆ ಜಾನಪದ ವಿದ್ವಾಂಸರಿಗೆ ವಿಶೇಷ ಆಸಕ್ತಿಯ ವಿಷಯವಾಗಬೇಕು. ಅದರ ವಿಧಾನ ಕ್ಷೇತ್ರಕಾರ್ಯದ ವಿಧಾನವೇ. ಎನ್ವಿ ಎಂಬ ಹೆಸರಿನ ಸರಳ ಚಾಲಕವೊಂದನ್ನು ಸಂಸ್ಥೆಯೇ ಕೊಟ್ಟಿತ್ತು; ಅದರ ಸಂಕೇತ ಬಯಲಿನಲ್ಲಿದ್ದರೂ ಓದಿದವರಿಗೆ ಅರ್ಥವಾಗದಂತೆ ಬರೆಯಲ್ಪಟ್ಟಿತ್ತು, ಒಡಪಿನಂತೆ. ಫ್ರಾನ್ಸಿನ ಸ್ತೆಫಾನ್ ಮಾರ್ಶೆಸಾನ್ ಅದನ್ನು ಬಿಡಿಸತೊಡಗಿದರು. ಅವರ ಹರಟೆಯ ತಂತ್ರಾಂಶವು ‘ಎನ್ವಿ’ ಎಂದು ಟೈಪಿಸಿದಾಗಲೆಲ್ಲ ‘ನೂವೊ’ ಎಂದು ತಾನಾಗಿಯೇ ತಿದ್ದುತ್ತಿದ್ದುದರಿಂದ, ಫ್ರೆಂಚಿನಲ್ಲಿ ‘ಹೊಸದು’ ಎಂಬ ಅರ್ಥದ ಆ ಪದವೇ ಯೋಜನೆಯ ಹೆಸರಾಯಿತು. ವಿವರಪತ್ರಗಳಿಲ್ಲದೆ ಚಿಪ್ಪಿನ ಭಾಷೆಯನ್ನು ಕಲಿಯುವುದು ಹೇಗೆ? ಗುಟ್ಟಿನ ಚಾಲಕದಿಂದ ಒಂದು ತ್ರಿಕೋನವನ್ನು ಬರೆಯಿಸುವುದು. ಬರೆಯುವ ಮೊದಲು ಮತ್ತು ಬರೆದ ಮೇಲೆ ರಿಜಿಸ್ಟರುಗಳಲ್ಲಿ ಏನೇನು ಬದಲಾಯಿತೆಂದು ದಾಖಲಿಸುವುದು. ಅದರ ಬಣ್ಣ ಬದಲಿಸಿ ಮತ್ತೆ ಬರೆಯಿಸುವುದು. ಈ ಕೆಲಸಕ್ಕಾಗಿ ಸಿದ್ಧಪಡಿಸಿದ ಸಣ್ಣ ತಂತ್ರಾಂಶವನ್ನು ಹಲವು ದೇಶಗಳ ಬಳಕೆದಾರರು ತಮ್ಮ ತಮ್ಮ ಕಾರ್ಡುಗಳ ಮೇಲೆ ನಡೆಯಿಸಿ ಫಲಿತಾಂಶಗಳನ್ನು ಕಳುಹಿಸಿದರು. ಹೀಗೆ ಬಂದ ನೂರಾರು ದಾಖಲೆಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು, ಸಮಾನವಾದುದು ಯಾವುದು, ಭಿನ್ನವಾದುದು ಯಾವುದು ಎಂದು ಹೋಲಿಸಿ ನಿಯಮಗಳನ್ನು ಕಂಡುಕೊಳ್ಳಲಾಯಿತು. ಒಂದೇ ಕಥನದ ಪಾಠಾಂತರಗಳನ್ನು ಕಲೆಹಾಕಿ ಆಶಯಗಳನ್ನು ಗುರುತಿಸುವ ವಿದ್ವಾಂಸನ ಕೆಲಸಕ್ಕೂ ಇದಕ್ಕೂ ಹೆಚ್ಚಿನ ದೂರವಿಲ್ಲ. ವೈದ್ಯನು ಹೇಳದಿದ್ದರೂ ಅವನು ಯಾವ ಬೇಲಿಯ ಕಡೆಗೆ ಹೋಗಿಬರುತ್ತಾನೆ ಎಂದು ನೋಡಿ ಗಿಡವನ್ನು ಗುರುತಿಸಿದ ಊರುಗಳೂ ಇಲ್ಲದಿಲ್ಲ. 2010ರ ಫೆಬ್ರವರಿಯಲ್ಲಿ ಬಂದ ಕರ್ನಲ್ 2.6.33ರಲ್ಲಿ ನೂವೊ ಸೇರಿತು. ಎನ್ವಿ ಚಾಲಕದ ಬೆಂಬಲವನ್ನು ಎನ್ವಿಡಿಯಾ ಅದೇ ವರ್ಷ ನಿಲ್ಲಿಸಿತು.

ಆದರೆ ಈ ಪ್ರಯತ್ನಕ್ಕೆ ಒಂದು ಗೋಡೆ ಅಡ್ಡಬಂದಿತು. ಗ್ರಾಫಿಕ್ಸ್ ಚಿಪ್ಪು ಗಣಕ ಆರಂಭವಾದಾಗ ಕಡಿಮೆ ವೇಗದಲ್ಲಿರುತ್ತದೆ. ಅಗತ್ಯ ಬಿದ್ದಾಗ ಅದರ ವೇಗವನ್ನು ಚಾಲಕ ಏರಿಸಬೇಕು. 2014ರಲ್ಲಿ ಬಂದ ಎರಡನೆಯ ತಲೆಮಾರಿನ ಮ್ಯಾಕ್ಸ್‌ವೆಲ್ ಚಿಪ್ಪುಗಳಿಂದ ಮುಂದಕ್ಕೆ, ಸಂಸ್ಥೆಯ ಗಣಕೀಯ ಸಹಿಯಿರುವ ಫರ್ಮ್‌ವೇರ್ ಇಲ್ಲದಿದ್ದರೆ ಚಿಪ್ಪು ಈ ಮಾತನ್ನು ಕೇಳುವುದಿಲ್ಲ. ಸಹಿಯುಳ್ಳ ಫರ್ಮ್‌ವೇರನ್ನು ಸಂಸ್ಥೆಯು ಮುಂದೆ ಕೊಟ್ಟಿತಾದರೂ ವೇಗ ಏರಿಸುವ ಭಾಗ ಅದರಲ್ಲಿರಲಿಲ್ಲ. ಹೀಗಾಗಿ ಜಿಟಿಎಕ್ಸ್ 900 ಹಾಗೂ 1000 ಸರಣಿಯ ಹೆಚ್ಚಿನ ಕಾರ್ಡುಗಳು ನೂವೊ ಚಾಲಕದಲ್ಲಿ ಆಮೆಯ ನಡಿಗೆಯಲ್ಲಿಯೇ ಉಳಿದವು. ಇದಕ್ಕೂ ಮುನ್ನ, 2012ರಲ್ಲಿ, ಫಿನ್‌ಲ್ಯಾಂಡಿನ ಆಲ್ಟೊ ವಿಶ್ವವಿದ್ಯಾಲಯದ ಸಭೆಯೊಂದರಲ್ಲಿ ಲಿನಕ್ಸ್‌ನ ಜನಕ ಲೀನಸ್ ಟೋರ್ವಾಲ್ಡ್ಸ್ ಈ ಸಂಸ್ಥೆಯನ್ನು ಬಹಿರಂಗವಾಗಿಯೇ ಬೈದಿದ್ದರು. ಬೈಗುಳವೂ ಜಾನಪದದ ಒಂದು ಪ್ರಕಾರವೇ ಆದ್ದರಿಂದ ಆ ಪ್ರಸಂಗ ತಂತ್ರಾಂಶ ರಚನಕಾರರ ನಡುವೆ ಇಂದಿಗೂ ಬಾಯಿಂದ ಬಾಯಿಗೆ ಸಾಗುತ್ತಿದೆ.

2022ರ ಮೇ ತಿಂಗಳಲ್ಲಿ ಎನ್ವಿಡಿಯಾ ತನ್ನ ಚಾಲಕದ ಕೆಳ ಅಂತಸ್ತಿನ ಆಕರ ಸಂಕೇತವನ್ನು ಜಿಪಿಎಲ್ ಮತ್ತು ಎಂಐಟಿ ಪರವಾನಗಿಗಳಡಿ ಪ್ರಕಟಿಸಿತು. ಇದನ್ನು ಪೂರ್ಣ ಮುಕ್ತಿ ಎಂದು ಭಾವಿಸಬಾರದು. ಇದು 2018ರ ಟ್ಯೂರಿಂಗ್ ಮತ್ತು ಅನಂತರದ ಚಿಪ್ಪುಗಳಿಗೆ ಮಾತ್ರ ಅನ್ವಯಿಸುತ್ತದೆ. ಮೇಲಿನ ಅಂತಸ್ತು ಮುಚ್ಚಿಯೇ ಇದೆ. ಮೊದಲು ಚಾಲಕದಲ್ಲಿದ್ದ ಎಷ್ಟೋ ಕೆಲಸಗಳು ಕಾರ್ಡಿನೊಳಗಿನ ಜಿಎಸ್‌ಪಿ ಎಂಬ ಕಿರು ಸಂಸ್ಕಾರಕದ ಫರ್ಮ್‌ವೇರಿಗೆ ಸರಿದಿವೆ, ಅದೂ ಮುಚ್ಚಿದ್ದೇ. ಗಿಡದ ಹೆಸರನ್ನು ಹೇಳಿ, ಅನುಪಾನವನ್ನು ಹೇಳದೆ ಉಳಿಸಿಕೊಂಡಂತೆ. ಆದರೂ ಇದರಿಂದ ಮುಕ್ತ ಪಕ್ಷಕ್ಕೆ ಲಾಭವಾಗಿದೆ. 2024ರ ಜನವರಿಯಲ್ಲಿ ಬಂದ ಕರ್ನಲ್ 6.7ರಿಂದ ನೂವೊ ಈ ಜಿಎಸ್‌ಪಿಯ ಮೂಲಕವೇ ಹೊಸ ಚಿಪ್ಪುಗಳ ವೇಗವನ್ನು ಏರಿಸಬಲ್ಲದು. ಎನ್‌ವಿಕೆ ಎಂಬ ಹೆಸರಿನ ಹೊಸ ವಲ್ಕನ್ ಚಾಲಕ ಮೆಸಾದಲ್ಲಿ ಬೆಳೆಯುತ್ತಿದೆ.

ಇದರ ಪರಿಣಾಮವಾಗಿ ಎನ್ವಿಡಿಯಾ ಕಾರ್ಡುಗಳ ವಂಶಾವಳಿಯಲ್ಲಿ ನಡುವಿನ ತಲೆಮಾರು ಅನಾಥವಾಗಿದೆ. ತೀರ ಹೊಸ ಕಾರ್ಡಿಗೆ ಎರಡು ದಾರಿಗಳೂ ತೆರೆದಿವೆ. 2012ರ ಆಸುಪಾಸಿನ ಕೆಪ್ಲರ್ ಚಿಪ್ಪುಗಳ ವೇಗವನ್ನು ನೂವೊದಲ್ಲಿ ಕೈಯಾರೆ ಏರಿಸಬಹುದು. 2016ರ ಜಿಟಿಎಕ್ಸ್ 1050, 1060ರಂತಹ ಪಾಸ್ಕಲ್ ಕಾರ್ಡುಗಳಿಗೆ ಮುಕ್ತ ಚಾಲಕ ನಿಧಾನ; ಮುಚ್ಚಿದ ಚಾಲಕಕ್ಕೆ ವಯಸ್ಸಾಗುತ್ತಿದೆ. 2025ರ 580ನೆಯ ಸರಣಿಯೇ ಇವುಗಳಿಗೆ ಕೊನೆಯದೆಂದು ಸಂಸ್ಥೆ ಪ್ರಕಟಿಸಿದೆ. ಹಿಂದಿನ ಅನುಭವ ಮುಂದಿನದನ್ನು ತಿಳಿಸುತ್ತದೆ. 340ನೆಯ ಸರಣಿಯ ಬೆಂಬಲ 2019ರ ಕೊನೆಗೆ, 390ರದ್ದು 2022ರ ಕೊನೆಗೆ, 470ರದ್ದು 2024ರಲ್ಲಿ ಮುಗಿಯಿತು. ಬೆಂಬಲ ಮುಗಿದ ದಿನ ಏನೂ ಆಗುವುದಿಲ್ಲ. ಮುಂದೊಂದು ದಿನ ಕರ್ನಲ್ ಪರಿಷ್ಕೃತವಾದಾಗ ಹಳೆಯ ಚಾಲಕ ಅದಕ್ಕೆ ಹೊಂದದೆ ಪರದೆ ಕಪ್ಪಾಗುತ್ತದೆ. ಆಗ ಕರ್ನಲ್ಲನ್ನು ಪರಿಷ್ಕರಿಸದೆ ಭದ್ರತೆಯನ್ನು ಬಿಟ್ಟುಕೊಡುವುದು, ಇಲ್ಲವೆ ಚಾಲಕವನ್ನು ಕೈಬಿಟ್ಟು ವೇಗವನ್ನು ಬಿಟ್ಟುಕೊಡುವುದು ಅನಿವಾರ್ಯವಾಗುತ್ತದೆ.

ಕಾರ್ಡಿನ ಹೆಸರನ್ನು ನೋಡಿ ತಲೆಮಾರನ್ನು ನಿರ್ಧರಿಸುವುದೂ ಅಪಾಯಕರ. ಜಿಟಿ 730 ಎಂಬ ಒಂದೇ ಹೆಸರಿನಲ್ಲಿ ಫರ್ಮಿ ಮತ್ತು ಕೆಪ್ಲರ್ ಎಂಬ ಎರಡು ಬೇರೆ ತಲೆಮಾರುಗಳ ಚಿಪ್ಪುಗಳು ಮಾರಾಟವಾಗಿವೆ. ಒಂದಕ್ಕೆ 390, ಇನ್ನೊಂದಕ್ಕೆ 470 ಕೊನೆಯ ಸರಣಿ. ಜನಪದ ಸಸ್ಯನಾಮಗಳನ್ನು ಸಂಗ್ರಹಿಸಿದವರಿಗೆ ಇದು ಪರಿಚಿತ ಸಮಸ್ಯೆ: ಒಂದು ಹೆಸರು, ಎರಡು ಗಿಡ. ಎಲ್‌ಎಸ್‌ಪಿಸಿಐ ಎಂಬ ಆಜ್ಞೆಯನ್ನು ಕೊಟ್ಟು ಚಿಪ್ಪಿನ ನಿಜವಾದ ಗುರುತನ್ನು ತಿಳಿಯುವುದೇ ಸರಿಯಾದ ಕ್ರಮ. ಅಂಗಡಿಯ ಪೆಟ್ಟಿಗೆಯ ಮೇಲಿನ ಹೆಸರನ್ನು ನಂಬಬಾರದು.

ಹಾಗಾದರೆ ಸ್ವಾಮ್ಯದ ಚಾಲಕವನ್ನು ಬಳಸಲೇಬಾರದೇ? ಅಂತಹ ಮಡಿವಂತಿಕೆ ಕ್ಷೇತ್ರಕಾರ್ಯದ ಅಗತ್ಯಗಳನ್ನು ಅರಿಯದವರದು. ರಾತ್ರಿಯಿಡೀ ನಡೆದ ಕಥನಗಾಯನದ ಮುದ್ರಣವನ್ನು ಗಣಕದಿಂದಲೇ ಪಠ್ಯಕ್ಕಿಳಿಸಲು, 2022ರಲ್ಲಿ ಮುಕ್ತವಾಗಿ ಪ್ರಕಟವಾದ ವಿಸ್ಪರ್‌ನಂತಹ ಧ್ವನಿ-ಪಠ್ಯ ಮಾದರಿಗಳನ್ನು ಬಳಸಬಯಸುವವರಿಗೆ ವೇಗದ ಗ್ರಾಫಿಕ್ಸ್ ಚಿಪ್ಪು ಬೇಕು. ಇಂತಹ ಮಾದರಿಗಳು ಹೆಚ್ಚಾಗಿ ನೆಚ್ಚಿಕೊಂಡಿರುವುದು ಎನ್ವಿಡಿಯಾದ ಕೂಡಾ ವ್ಯವಸ್ಥೆಯನ್ನು. ಅದು ನೂವೊದಲ್ಲಿ ನಡೆಯುವುದಿಲ್ಲ. ಎಎಂಡಿಯ ಆರ್‌ಒಸಿಎಂ ಎಂಬ ಪರ್ಯಾಯ ಮುಕ್ತವಾಗಿದ್ದರೂ ಎಲ್ಲ ಕಾರ್ಡುಗಳಿಗೂ ಅನ್ವಯಿಸುವುದಿಲ್ಲ. ವಿಡಿಯೊ ಸಂಕಲನಕ್ಕೆ ಕೆಡೆನ್‌ಲೈವ್ ಮುಕ್ತ ಚಾಲಕದಲ್ಲಿ ಚೆನ್ನಾಗಿಯೇ ನಡೆಯುತ್ತದೆ. ಬ್ಲೆಂಡರ್‌ನಲ್ಲಿ ಮೂರು ಆಯಾಮದ ಚಿತ್ರಗಳನ್ನು ರಚಿಸುವವರಿಗೆ ಮುಚ್ಚಿದ ಚಾಲಕವಿದ್ದರೆ ಎನ್ವಿಡಿಯಾ ಕಾರ್ಡಿನಲ್ಲಿ ಗಂಟೆಗಳ ಕೆಲಸ ನಿಮಿಷಗಳಿಗೆ ಇಳಿಯಬಹುದು. ಇಂತಹ ಕೆಲಸದ ಗಣಕವನ್ನು ಪ್ರತ್ಯೇಕವಾಗಿಡುವುದು ಲೇಸು. ಸಂಗ್ರಹವನ್ನು ಕಾಯುವ ಗಣಕ, ಓದುಗರ ಮುಂದಿನ ಗಣಕಗಳು ಮುಕ್ತ ಚಾಲಕದಲ್ಲಿಯೇ ಇರಲಿ.

ಒತ್ತಕ್ಷರಗಳು ಚದುರಿ ಕಾಣುವುದನ್ನು ಗ್ರಾಫಿಕ್ಸ್ ಚಾಲಕದ ದೋಷವೆಂದು ತಿಳಿಯುವುದುಂಟು. ಇದು ತಪ್ಪು ತಿಳಿವಳಿಕೆ. ಕಾಗುಣಿತ, ಒತ್ತುಗಳನ್ನು ಜೋಡಿಸುವುದು ಹಾರ್ಫ್‌ಬಜ್ ಎಂಬ ಬೇರೊಂದು ಮುಕ್ತ ತಂತ್ರಾಂಶ ಮತ್ತು ಅಕ್ಷರಶೈಲಿಯ ಫೈಲು. ಚಾಲಕವು ಜೋಡಣೆ ಮುಗಿದ ಚಿತ್ರವನ್ನು ಪರದೆಗೆ ತಲುಪಿಸುತ್ತದೆ, ಅಷ್ಟೆ. ಅಕ್ಷರ ಚದುರಿದ್ದರೆ ಫಾಂಟನ್ನು ಪರೀಕ್ಷಿಸಬೇಕು; ಪರದೆಯೇ ಹರಿದಂತೆ ಕಂಡರೆ ಅಥವಾ ಹೆಪ್ಪುಗಟ್ಟಿದರೆ ಚಾಲಕವನ್ನು ಪರೀಕ್ಷಿಸಬೇಕು.

ಅಕ್ಷರಗಳ ಮಾತು ಬಂದುದರಿಂದ ಕನ್ನಡಿಗರು ಈ ಆಯ್ಕೆಯನ್ನು ಇನ್ನೊಂದು ರೂಪದಲ್ಲಿ ಈಗಾಗಲೇ ಕಂಡುಂಡಿದ್ದಾರೆ ಎಂಬುದನ್ನೂ ನೆನೆಯಬೇಕು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲಿಯೇ ಎಡೆ ದೊರೆತಿತ್ತು. ಆದರೂ ಆ ದಶಕದಲ್ಲಿ ಮತ್ತು ಅದರ ಮುಂದಿನದರಲ್ಲಿ ಕನ್ನಡದ ಅಚ್ಚುಕೆಲಸ ನಡೆದದ್ದು ಹೆಚ್ಚಾಗಿ ಶ್ರೀಲಿಪಿ, ಆಕೃತಿ, ಬರಹ, ನುಡಿ ಮುಂತಾದ ತಂತ್ರಾಂಶಗಳ ಎಂಟು ಬಿಟ್ಟಿನ ಫಾಂಟುಗಳಲ್ಲಿ. ಅವುಗಳಲ್ಲಿ ಉಳಿಯುತ್ತಿದ್ದುದು ಕನ್ನಡ ಅಕ್ಷರವಲ್ಲ. ಅಕ್ಷರದ ತುಂಡುಗಳಿಗೆ ಆಯಾ ಫಾಂಟು ಕೊಟ್ಟ ಸಂಖ್ಯೆ. ಕೆಲವು ಬೆಲೆಯವು, ಕೆಲವು ಉಚಿತ. ಆದರೆ ಆ ಫಾಂಟು ಇಲ್ಲದ ಗಣಕದಲ್ಲಿ ಫೈಲನ್ನು ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಚಿಹ್ನೆಗಳು. ಹಾಡಿದ ತಾಯಿ ತೀರಿಹೋಗಿ, ಧ್ವನಿಸುರುಳಿ ಬೂಷ್ಟು ಹಿಡಿದು, ಲಿಪ್ಯಂತರ ಮಾತ್ರ ಅಂತಹ ಫೈಲಿನಲ್ಲಿ ಉಳಿದಿದ್ದರೆ ಅದನ್ನು ಮರಳಿ ಪಡೆಯುವ ದಾರಿ ಆ ಸಂಖ್ಯೆಗಳ ಪಟ್ಟಿಯನ್ನು ಬಲ್ಲವರ ಕೈಯಲ್ಲಿರುತ್ತದೆ. ಈ ಪಟ್ಟಿಗಳನ್ನು ಬಿಡಿಸಿ, ಯೂನಿಕೋಡ್‌ಗೆ ಪರಿವರ್ತಿಸುವ ಮುಕ್ತ ತಂತ್ರಾಂಶಗಳನ್ನು ಕನ್ನಡದ ಉತ್ಸಾಹಿಗಳು ಬರೆದುದರಿಂದಲೇ ಅಂತಹ ಎಷ್ಟೋ ಪಠ್ಯಗಳು ಉಳಿದಿವೆ. ನೂವೊ ರಚನಕಾರರು ಚಿಪ್ಪಿಗೆ ಮಾಡಿದ್ದನ್ನು ಇವರು ಫಾಂಟಿಗೆ ಮಾಡಿದರು.

ಗ್ರಂಥಾಲಯಗಳು ಹಾಗೂ ಸಂಗ್ರಹಾಲಯಗಳ ಮಟ್ಟಿಗೆ ಕೆಲವು ಸಂಗತಿಗಳು ಬಾಕಿ ಇವೆ. ಹೊಸ ಗಣಕವನ್ನು ಕೊಳ್ಳುವಾಗ ವಿಶೇಷ ಅಗತ್ಯವಿಲ್ಲದಿದ್ದರೆ ಪ್ರತ್ಯೇಕ ಕಾರ್ಡನ್ನೇ ಬಿಡಬಹುದು. ಬೇಕೆಂದಾದರೆ ಚಾಲಕ ಕರ್ನಲ್ಲಿನಲ್ಲಿಯೇ ಇರುವ ಕಾರ್ಡನ್ನು ಆರಿಸಬೇಕು. ಎನ್ವಿಡಿಯಾ ಕಾರ್ಡ್ ಈಗಾಗಲೇ ಇದ್ದಲ್ಲಿ ಉಬುಂಟು ಬಳಸುವವರು ‘ಹೆಚ್ಚುವರಿ ಚಾಲಕಗಳು’ ಎಂಬ ಸೌಲಭ್ಯದಿಂದ, ಡೆಬಿಯನ್ ಬಳಸುವವರು ಅದರ ಮುಕ್ತವಲ್ಲದ ವಿಭಾಗದಿಂದ ಚಾಲಕವನ್ನು ಪಡೆಯಬೇಕು. ಸಂಸ್ಥೆಯ ತಾಣದಿಂದ ನೇರವಾಗಿ ತಂದು ಸ್ಥಾಪಿಸಿದ ಚಾಲಕ ಕರ್ನಲ್ ಪರಿಷ್ಕರಣೆಯ ಮರುದಿನ ಕೈಕೊಡುವ ಸಂಭವ ಹೆಚ್ಚು. ಸೆಕ್ಯೂರ್ ಬೂಟ್ ಜಾರಿಯಲ್ಲಿದ್ದರೆ ಸ್ವಾಮ್ಯದ ಚಾಲಕಕ್ಕೆ ಸಹಿಯ ಕೀಲಿಯನ್ನು ನೋಂದಾಯಿಸುವ ನೀಲಿ ಪರದೆಯೊಂದು ಮರುಪ್ರಾರಂಭದ ವೇಳೆಯಲ್ಲಿ ಬರುತ್ತದೆ. ಅದನ್ನು ಓದದೆ ದಾಟಿದರೆ ಚಾಲಕ ಏರುವುದೇ ಇಲ್ಲ. ಪರದೆ ಕಪ್ಪಾದ ಗಣಕವನ್ನು ‘ನೋಮೋಡ್‌ಸೆಟ್’ ಎಂಬ ಸೂಚನೆ ಕೊಟ್ಟು ಎಬ್ಬಿಸಿದರೆ ಒಳಗಿನ ಕಡತಗಳನ್ನು ಹೊರತೆಗೆಯಬಹುದು. ಕಡತಗಳಿಗೆ ಚಾಲಕದಿಂದ ಹಾನಿಯಾಗಿರುವುದಿಲ್ಲ. ಗಣಕದ ದಾಸ್ತಾನು ಪುಸ್ತಕದಲ್ಲಿ ಕೊಂಡ ದಿನಾಂಕ ಮತ್ತು ಬೆಲೆಗಳ ಜೊತೆಗೆ ಚಿಪ್ಪಿನ ನಿಜನಾಮ, ಚಾಲಕದ ಸರಣಿಯ ಸಂಖ್ಯೆ, ಆ ಸರಣಿಯ ಬೆಂಬಲ ಮುಗಿಯುವ ವರ್ಷ ಎಂಬ ಮೂರು ಕಾಲಮುಗಳನ್ನು ಕೂಡಿಸಿದರೆ ಮುಂದೆ ಬರುವ ಗ್ರಂಥಪಾಲಕರಿಗೆ ಅದು ನೇರವಾಗಿ ಒದಗುತ್ತದೆ.